ಜೋಳದೆಣ್ಣೆ, ನಾಲ್ಕು ನಾಲಿಗೆ

"ಬೋರ್ಬನ್ ತಂದಿದೀನಿ ಮಾವ" ಅಂತ ಡಲ್ಲಾಸಿನಿಂದ ಬಂದಿಳಿದ ಸೋದರಳಿಯ ಫೋನಿನಲ್ಲಿ ಕೂಗಿದ್ದು ನನ್ನ ಹೆಂಡತಿಯ ಕಿವಿಗೂ ಬಿತ್ತು. "ಬಿಸ್ಕತ್ತು ಇಲ್ಲಿ ಸಿಗಲ್ವಂತಾ? ಪಾಪ, ಅಷ್ಟು ದೂರದಿಂದ ಹೊತ್ಕೊಂಡು ಬಂದವ್ನೆ" ಅಂದಳು. ಹಾಸನದಲ್ಲಿ ಬೋರ್ಬನ್ ಅಂದರೆ ಇವತ್ತಿಗೂ ಮೇಲೆ ಸಕ್ಕರೆ ಉದುರಿಸಿದ, ಕಾಫಿಗೆ ಅದ್ದಿದರೆ ಅರ್ಧ ತಳಕ್ಕಿಳಿಯುವ ಆ ಚಾಕಲೇಟ್ ಬಿಸ್ಕತ್ತೇ. ನಾನು ತಿದ್ದುವುದಕ್ಕೆ ಹೋಗಲಿಲ್ಲ. ಮೂವತ್ತು ವರ್ಷ ಸಂಸಾರ ಮಾಡಿದವನಿಗೆ ಯಾವುದನ್ನು ತಿದ್ದಬಾರದು ಅನ್ನುವಷ್ಟು ಬುದ್ಧಿ ಬಂದಿರುತ್ತದೆ.

ಅಳಿಯ ತಂದ ಬಾಟಲಿಗೆ ತೀರ್ಪು ಕೊಡುವ ಸಭೆ ಸೇರಿದ್ದು ಚನ್ನರಾಯಪಟ್ಟಣದ ಹತ್ತಿರದ ತೆಂಗಿನ ತೋಟದಲ್ಲಿ, ಪಂಪ್‌ಸೆಟ್ ಮನೆಯ ಜಗಲಿ ಮೇಲೆ. ಕಾಲೇಜಿನಿಂದಲೂ ನಮ್ಮ ಗುಂಪಿನಲ್ಲಿ ಊರ ಹೆಸರೇ ಆಳಿನ ಹೆಸರು. ತೋಟದ ಯಜಮಾನ ಪಟ್ಣ. ಹೊಗೆಸೊಪ್ಪು ಬೆಳೆಯುವವನು ಅರಕಲಗೂಡು. ರಾಜಕೀಯ ಬಿಟ್ಟು ಬೇರೆ ಮಾತಾಡದವನು ಹೊಳೆನರಸೀಪುರ. ಅದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ನಾನು ಹಾಸನ.

ಅಳಿಯ ತಂದದ್ದು ಅಮೆರಿಕದ ಕೆಂಟುಕಿಯ ವಿಸ್ಕಿ, ಜಿಮ್ ಬೀಮ್, ಬಿಳಿ ಲೇಬಲ್ಲಿನದು. ಅಲ್ಲಿ ಅದು ಜೇಬು ಸುಡದ ಸಾಲಿನ ಸರಕಂತೆ. "ಬೋರ್ಬನ್ ಅಂತ ಹೆಸರು ಹಾಕ್ಬೇಕಾದ್ರೆ ಕಾನೂನಿದೆ ಮಾವ. ನೂರಕ್ಕೆ 51 ಪಾಲಾದ್ರೂ ಮುಸುಕಿನ ಜೋಳ ಇರ್ಬೇಕು. ಒಳಮೈ ಸುಟ್ಟ ಹೊಸಾ ಓಕ್ ಪೀಪಾಯಿಲಿ ಇಡ್ಬೇಕು. ಬಣ್ಣ ಬೆರೆಸೋ ಹಾಗಿಲ್ಲ. 1964ರಲ್ಲಿ ಅವರ ಸಂಸತ್ತೇ ಇದು ನಮ್ಮ ದೇಶದ್ದೇ ಅಂತ ನಿರ್ಣಯ ಮಾಡಿದೆ" ಅಂತ ಪಾಠ ಶುರು ಮಾಡಿದ.

ಜೋಳ ಅಂದದ್ದೇ ತಡ, ನಾಲ್ವರಿಗೂ ಹೊಟ್ಟೆ ಉರಿಯಿತು. ನಮ್ಮ ಜಿಲ್ಲೆಯ ಆಲೂಗೆಡ್ಡೆಗೆ ಅಂಗಮಾರಿ ಬಿದ್ದ ಮೇಲೆ ಎಷ್ಟು ಹೊಲ ಮುಸುಕಿನ ಜೋಳಕ್ಕೆ ತಿರುಗಿತು! ಅಷ್ಟೂ ಬೆಳೆದು ನಾವು ಹಾಕಿದ್ದು ಯಾರಿಗೆ? ಕೋಳಿಗೆ. ಅವರು ಅದನ್ನೇ ನಾಲ್ಕು ವರ್ಷ ಪೀಪಾಯಿಯಲ್ಲಿಟ್ಟು ಅಳಿಯನ ಕೈಯಲ್ಲಿ ಕಳಿಸಿದ್ದಾರೆ. "ನಮ್ಮ ಜೋಳ ತಿಂದ ಕೋಳಿನ ನಂಚ್ಕೊಂಡು ಅವರ ಜೋಳ ಕುಡಿಯೋದು. ಲೆಕ್ಕ ಸರಿಹೋಯ್ತಲ್ಲ ಬಿಡ್ಲಾ" ಅಂತ ಪಟ್ಣ ಸಮಾಧಾನ ಹೇಳಿದ.

ಮೊದಲು ರಾ. ಅಳಿಯ ಲೋಟದ ತಳ ಮುಚ್ಚುವಷ್ಟು ಸುರಿದು, "ಮೂಸಿ, ಒಂದು ಗುಟುಕು ತಗೊಂಡು ಬಾಯಲ್ಲೇ ಇಟ್ಕೊಳ್ಳಿ" ಅಂದ. ಇಲ್ಲೇ ಕಷ್ಟ ಬಂದದ್ದು. ಗುಟುಕರಿಸುವುದು ನಮ್ಮ ಸೀಮೆಯ ವಿದ್ಯೆಯೇ ಅಲ್ಲ. ಬ್ರಾಂದಿ ಅಂಗಡಿ ಕೌಂಟರಿನಲ್ಲಿ ನೈಂಟಿಯ ಟೆಟ್ರಾ ಪ್ಯಾಕಿನ ಮೂಲೆ ಕಚ್ಚಿ, ಪ್ಲಾಸ್ಟಿಕ್ ಲೋಟಕ್ಕೆ ಸುರಿದು, ನೀರು ತುಂಬಿ, ಕಣ್ಣುಮುಚ್ಚಿ ಎತ್ತಿ, ಉಪ್ಪಿನಕಾಯಿ ನೆಕ್ಕಿ ಬಸ್ಸು ಹಿಡಿಯುವವರು ನಾವು. ನಾಲಿಗೆಗೆ ಸುದ್ದಿ ಮುಟ್ಟುವ ಮೊದಲೇ ಸರಕು ಹೊಟ್ಟೆಯಲ್ಲಿರಬೇಕು. ಸರಕಿನ ಗುಣ ನೋಡಿದರೆ ಅದು ಜಾಣತನವೂ ಹೌದು.

ಅರಕಲಗೂಡು ಒಂದೇ ಸಲಕ್ಕೆ ಎತ್ತಿಬಿಟ್ಟ. "ಸಪ್ಪೆ ಕನ್ಲಾ" ಅಂದ. ಅಳಿಯ ಲೇಬಲ್ ತೋರಿಸಿದ: 40 ಪರ್ಸೆಂಟ್. ನಮ್ಮದು 42.8. ಈ ವಿಚಿತ್ರ ಅಂಕಿ ಇಂಗ್ಲಿಷರ ಹಳೇ ಪ್ರೂಫ್ ಲೆಕ್ಕದಿಂದ ಬಂದದ್ದು. ಅವರ ಪೂರಾ ಪ್ರೂಫಿಗಿಂತ 25 ಡಿಗ್ರಿ ಕಡಿಮೆ, ಅಂದರೆ ಅಂಡರ್ ಪ್ರೂಫ್. ನಮ್ಮ ಬಾಟಲಿ ಮೇಲೆ '25 ಯು.ಪಿ.' ಅಂತ ಬರೆಯುವುದು ಅದಕ್ಕೇ. ಹೊಳೆನರಸೀಪುರದ ಮುಖ ಇಳಿದುಹೋಯಿತು. ಇಷ್ಟು ವರ್ಷ ಅವನು ಅದನ್ನು ಉತ್ತರ ಪ್ರದೇಶ ಅಂದುಕೊಂಡು, ಎಣ್ಣೆಯಲ್ಲೂ ನಮಗೆ ಅನ್ಯಾಯ ಅಂತ ಭಾಷಣ ಮಾಡಿಕೊಂಡು ಬಂದಿದ್ದ.

ಎರಡನೇ ಸುತ್ತಿಗೆ ಎಲ್ಲರೂ ತಾಳ್ಮೆ ತಂದುಕೊಂಡೆವು. ಅಳಿಯ "ವೆನಿಲ್ಲಾ, ಕ್ಯಾರಮೆಲ್, ಓಕ್" ಅಂತ ಶಾಸ್ತ್ರ ಹೇಳುತ್ತಿದ್ದರೆ ಪಟ್ಣ ಕಣ್ಣು ಮುಚ್ಚಿ, "ಕೊಬ್ರಿ ಮಿಠಾಯಿ ತಳ ಹಿಡಿದಾಗ ಬರ್ತದಲ್ಲ, ಆ ವಾಸ್ನೆ" ಅಂದ. ಹೊಳೆನರಸೀಪುರಕ್ಕೆ ಆಲೆಮನೆ ಕೊಪ್ಪರಿಗೆಯ ಪಾಕ ಕಂಡಿತು. ಸಪ್ಪೆ ಅಂದಿದ್ದ ಅರಕಲಗೂಡು ಲೋಟ ಮೂಗಿನಿಂದ ತೆಗೆಯಲೇ ಇಲ್ಲ; "ಬೇಯಿಸಿದ ಹೊಗೆಸೊಪ್ಪು ಇಳಿಸೋ ದಿನ ಬ್ಯಾರನ್ ಬಾಗ್ಲು ತೆಗೀತಿದ್ದಂಗೆ ಬರೋ ಘಮ ಐತೆ" ಅಂದ. ಮೂರೂ ಸರಿ. ಸುಟ್ಟ ಮರದ ಸಿಹಿ ಮುಂದೆ ಬರುತ್ತದೆ, ಹಿಂದೆಯೇ ಗಂಟಲಲ್ಲಿ ಒಂದು ಗೀರು. ನಾಲ್ಕು ಹನಿ ನೀರು ಬಿಟ್ಟರೆ ಗೀರು ತಗ್ಗುತ್ತದೆ. ರಾ ಹೊಡೆಯುವುದಕ್ಕೆ ಪಾಸು, ಫಸ್ಟ್ ಕ್ಲಾಸ್ ಅಲ್ಲ ಅಂತ ನಾನು ಬರೆದುಕೊಂಡೆ.

ಹಂಗಿಸುವ ಸರದಿ ಈಗ ಅಳಿಯನದು. "ನೀವು ಕುಡಿಯೋ ವಿಸ್ಕಿ ಬಹುಪಾಲು ಕಾಕಂಬಿದು ಮಾವ. ಯುರೋಪಿನವ್ರು ಅದನ್ನ ವಿಸ್ಕಿ ಅಂತಾನೇ ಒಪ್ಪಲ್ಲ." ಕಬ್ಬಿನ ಸೀಮೆಯಲ್ಲಿ ಕೂತು ಕಾಕಂಬಿಯನ್ನು ಬೈಯುವುದೆ? ನಾನು ಬೆಂಗಳೂರಿನ ಅಮೃತ್ ಹೆಸರು ತೆಗೆದೆ. 2004ರಲ್ಲಿ ಬಾರ್ಲಿಯ ಸಿಂಗಲ್ ಮಾಲ್ಟನ್ನು ಸೀದಾ ಗ್ಲಾಸ್ಗೋಗೇ ಒಯ್ದು ಸ್ಕಾಟರ ಮುಂದೆ ಇಟ್ಟವರು. 2010ರ 'ವಿಸ್ಕಿ ಬೈಬಲ್'ನಲ್ಲಿ ಅವರ ಫ್ಯೂಷನ್‌ಗೆ ಜಿಮ್ ಮರ‍್ರೇ 97 ಅಂಕ ಕೊಟ್ಟು ಜಗತ್ತಿಗೇ ಮೂರನೆಯದು ಅಂದ. ಅಳಿಯ ನಕ್ಕ: "ಅದೂ ಬೆಳೆದಿದ್ದು ಬೋರ್ಬನ್ ಪೀಪಾಯಿಲೇ ಮಾವ." ನಿಜವೇ. ಹೊಸ ಪೀಪಾಯಿಯೇ ಬೇಕು ಅನ್ನುವ ಕಾನೂನಿನಿಂದ ಅಮೆರಿಕದವರಿಗೆ ಬೋರ್ಬನ್ ತೆಗೆದ ಪೀಪಾಯಿ ಮತ್ತೆ ಬೋರ್ಬನ್‌ಗೆ ಬರುವುದಿಲ್ಲ. ಅದು ಸ್ಕಾಟ್ಲೆಂಡಿಗೆ, ಬೆಂಗಳೂರಿಗೆ ಹೊರಡುತ್ತದೆ. ಅಕ್ಕನ ಮನೆ ತೊಟ್ಟಿಲಲ್ಲಿ ತಂಗಿಯ ಮಗು ಮಲಗಿದ ಹಾಗೆ. ಮಗು ಚೆನ್ನಾಗಿ ಬೆಳೆದರೆ ತೊಟ್ಟಿಲು ಯಾರದಾದರೇನು?

ಆಮೇಲೆ ಮಿಕ್ಸಿಂಗ್. ಅರಕಲಗೂಡು ಥಮ್ಸ್ ಅಪ್ ಸುರಿದ. ಪಾಯಸಕ್ಕೆ ಮತ್ತೆ ಸಕ್ಕರೆ ಹಾಕಿದಂತಾಯಿತು. ಹೊಳೆನರಸೀಪುರದ ಉಪ್ಪು, ನಿಂಬೆ, ಸೋಡ ವಾಸಿ. ಅಳಿಯ ಬೆಲ್ಲ ಕರಗಿಸಿ, ಹೇರಳೆಕಾಯಿ ಸಿಪ್ಪೆ ಹಿಂಡಿ, ಅದಕ್ಕೆ ಓಲ್ಡ್ ಫ್ಯಾಷನ್ಡ್ ಅಂತ ಹೆಸರಿಟ್ಟ. ಒಳ್ಳೆಯದಿತ್ತು, ಒಪ್ಪಿಕೊಳ್ಳಲು ಯಾರಿಗೂ ಮನಸ್ಸಿರಲಿಲ್ಲ. ಗೆದ್ದವನು ಪಟ್ಣ. ಮಾತಾಡದೆ ಎದ್ದು ಹೋಗಿ ಎರಡು ಎಳನೀರು ಕೊಚ್ಚಿಕೊಂಡು ಬಂದು ಬೆರೆಸಿದ. ಕೆಂಟುಕಿಯ ಸಿಹಿ ತಣ್ಣಗೆ ಇಳಿಯಿತು, ಗೀರು ಮಾಯ. ಹಾಗಾಗಿ ತೀರ್ಪು: ಇದು ಬೆರೆಸುವ ಸರಕು, ಅದೂ ಪಟ್ಣದ ಎಳನೀರಿನ ಜೊತೆ.

"ಇಲ್ಲಿ ತಗೊಂಡ್ರೆ ಎಷ್ಟಾಯ್ತದೆ ಅಳಿಮಯ್ಯ?" ಅಂತ ಅರಕಲಗೂಡು ಕೇಳಿದ. ಅಳಿಯ ಫೋನಿನಲ್ಲಿ ನೋಡಿ ಹೇಳಿದ. ಯಾರೂ ಉಸಿರೆತ್ತಲಿಲ್ಲ. 2025ರ ಫೆಬ್ರವರಿಯಲ್ಲಿ ದಿಲ್ಲಿಯವರು ಬೋರ್ಬನ್ ಮೇಲಿನ ಆಮದು ಸುಂಕವನ್ನು 150ರಿಂದ 100 ಪರ್ಸೆಂಟಿಗೆ ಇಳಿಸಿದ ಮೇಲೂ ಈ ಪಾಡು, ಅದರ ಮೇಲೆ ರಾಜ್ಯದ ಅಬಕಾರಿ ಬೇರೆ. "ಅವರ ಜೋಳಕ್ಕೆ ಸುಂಕ ಇಳಿಸೋರು ನಮ್ಮ ಜೋಳಕ್ಕೆ ರೇಟು ಏರಿಸ್ಲಿ" ಅಂತ ಹೊಳೆನರಸೀಪುರ ಎದ್ದು ನಿಂತ. "2007ರ ಜುಲೈ 1ಕ್ಕೆ ಸಾರಾಯಿ ನಿಂತಾಗ ನಿಮ್ಮ ತಾಲ್ಲೂಕಿನೋರೇ ಅಲ್ವಾ ಮುಖ್ಯಮಂತ್ರಿ? ಆ ರೇಟು ಕೇಳ್ಕೊಂಡು ಬಾ ಹೋಗು" ಅಂತ ಪಟ್ಣ ಅವನನ್ನು ಎಳೆದು ಕೂರಿಸಿದ.

ಬೆಳಿಗ್ಗೆ ಯಾರ ತಲೆಯೂ ನೋಯಲಿಲ್ಲ. ಅಷ್ಟು ಹೊತ್ತಿಗೆ ತೋಟ ಕಾಯುವ ತಾತ ಜಗಲಿ ಗುಡಿಸುತ್ತಿದ್ದ. ರಾತ್ರಿ ಅವನಿಗೂ ಒಂದು ಮುಚ್ಚಳ ಕೊಟ್ಟಿದ್ದೆವು. "ಹೆಂಗಿತ್ತು ತಾತ?" ಅಂದ ಅಳಿಯ.

"ಬಾಟ್ಲಿ ಚೆನ್ನಾಗದೆ. ನಂಗ್ ಕೊಡಿ" ಅಂದ ತಾತ.

ಮೊನ್ನೆ ಹೋದಾಗ ಪಂಪ್‌ಸೆಟ್ ಮನೆ ಗೂಡಿನಲ್ಲಿ ಅದೇ ಬಾಟಲಿ, ಲೇಬಲ್ ಸಮೇತ. ಈಗಲೂ ಅದರಲ್ಲಿ ಎಣ್ಣೆಯೇ ಇದೆ, ಹರಳೆಣ್ಣೆ.