ಛತ್ರಸೂತ್ರಭಾಷ್ಯ: ಹಸಿರು ಸಮಾರಂಭದ ಸ್ಥಳನಿರ್ಣಯ ಕುರಿತು ಒಂದು ಶಾಸ್ತ್ರೀಯ ಜಿಜ್ಞಾಸೆ

ಪೀಠಿಕೆ

ಮದುವೆಗೆ ಮುಹೂರ್ತ ನೋಡುವ ಶಾಸ್ತ್ರ ನಮ್ಮಲ್ಲಿದೆ, ಗಣಕೂಟ ನೋಡುವ ಶಾಸ್ತ್ರವಿದೆ, ಬಾವಿ ತೋಡಲು ಜಾಗ ಹುಡುಕುವ ಶಾಸ್ತ್ರವೂ ಇದೆ. ಆದರೆ ಈಚೆಗೆ ಜಾತಕಗಳಲ್ಲಿ ಹೊಸ ದೋಷವೊಂದು ಕಾಣಿಸಿಕೊಳ್ಳುತ್ತಿದೆ. "ಮದುವೆ ಆದರೆ ಪರಿಸರಸ್ನೇಹಿಯಾಗಿಯೇ ಆಗಬೇಕು" ಎಂದು ಹುಡುಗಿ ಹಟ ಹಿಡಿಯುತ್ತಾಳೆ. ಕುಜದೋಷಕ್ಕಾದರೆ ಶಾಂತಿ ಉಂಟು. ಇದಕ್ಕೆ ಛತ್ರ ಹುಡುಕುವುದೊಂದೇ ದಾರಿ.

ಆ ಹುಡುಕಾಟಕ್ಕೆ ಆಧಾರವಾದ ಆರು ಸೂತ್ರಗಳು ಬೆಂಗಳೂರಿನ ಹಳೆಯ ಛತ್ರವೊಂದರ ಅಡುಗೆಮನೆಯ ಗೋಡೆಯ ಮೇಲೆ, ಹಾಲಿನ ಲೆಕ್ಕದ ಕೆಳಗೆ, ಇದ್ದಿಲಿನಲ್ಲಿ ಬರೆದ ಸ್ಥಿತಿಯಲ್ಲಿ ದೊರೆತಿವೆ. ಕರ್ತೃ ಯಾರೆಂದು ತಿಳಿಯದು. ಅಕ್ಷರದ ಮೇಲಿನ ಒಗ್ಗರಣೆಯ ಕಲೆಯಿಂದ ಪ್ರಧಾನ ಅಡುಗೆಭಟ್ಟರೇ ಇರಬೇಕೆಂದು ಊಹೆ. ನಡುವೆ ಬರುವ 'ಕೊತ್ತಂಬರಿ 40 ಕಟ್ಟು' ಎಂಬ ಸಾಲು ಮೂಲಸೂತ್ರವೋ ಪ್ರಕ್ಷಿಪ್ತವೋ ಎಂಬ ವಿಷಯದಲ್ಲಿ ವಿದ್ವಾಂಸರು ಮಾತು ಬಿಟ್ಟಿದ್ದಾರೆ. ನಾವು ಅದನ್ನು ಕೈಬಿಟ್ಟು ಉಳಿದವಕ್ಕೆ ಭಾಷ್ಯ ರಚಿಸಿದ್ದೇವೆ.

ಸೂತ್ರ 1: ಇರುವ ಸೂರೇ ಹಸಿರು ಸೂರು.

ಭಾಷ್ಯ: ಇಲ್ಲಿ ರೆಸಾರ್ಟ್‌ವಾದಿಗಳು ಪೂರ್ವಪಕ್ಷ ಹೂಡುತ್ತಾರೆ. "ಎಲ್ಲಿ ಮರಗಳಿವೆಯೋ ಅಲ್ಲಿ ಪರಿಸರವಿದೆ. ಊರಾಚೆಯ ರೆಸಾರ್ಟಿನಲ್ಲಿ ಮರಗಳಿವೆ. ಆದ್ದರಿಂದ ರೆಸಾರ್ಟಿನ ಮದುವೆ ಪರಿಸರಸ್ನೇಹಿ. ಊರೊಳಗಿನ ಛತ್ರದಲ್ಲಿ ಕಾಂಕ್ರೀಟಿದೆ, ಮೇಲೆ ತಗಡಿದೆ. ಆದ್ದರಿಂದ ಅದು ತ್ಯಾಜ್ಯ."

ಇದು ಹೇತ್ವಾಭಾಸ. ಮರವಿದ್ದಲ್ಲೆಲ್ಲ ಪರಿಸರವಿದ್ದರೆ ಪೀಠೋಪಕರಣದ ಅಂಗಡಿಯಲ್ಲೂ ಮದುವೆ ಮಾಡಬಹುದಿತ್ತು. ಅಲ್ಲದೆ ಮಂಟಪ ಹಾಕುವ ಹುಲ್ಲುಹಾಸು ತಾನಾಗಿ ಬೆಳೆದದ್ದಲ್ಲ; ಇದ್ದದ್ದನ್ನು ಸವರಿ, ಹುಲ್ಲು ತಂದು ಹಾಸಿ, ಬೇಸಿಗೆಯಿಡೀ ಕೊಳವೆ ಬಾವಿಯ ನೀರು ಕುಡಿಸಿದ್ದು. ನೈಯಾಯಿಕರು ಬೆಟ್ಟದಲ್ಲಿ ಹೊಗೆ ಕಂಡು ಬೆಂಕಿಯನ್ನು ಊಹಿಸಿದರು. ನಾವು ರೆಸಾರ್ಟಿನಲ್ಲಿ ಹೊಗೆ ಕಂಡು ಜನರೇಟರನ್ನು ಊಹಿಸುತ್ತೇವೆ. ಹಿತ್ತಲಿಗೆ ಹೋಗಿ ನೋಡಿದರೆ ಊಹೆ ಪ್ರತ್ಯಕ್ಷದಿಂದಲೂ ಸಿದ್ಧವಾಗುತ್ತದೆ.

ಹೊಸ ಕಟ್ಟಡದ ಸಿಮೆಂಟು, ಕಬ್ಬಿಣ ಎಲ್ಲ ಮೊದಲೇ ಹೊಗೆ ಉಗುಳಿ ಬಂದವು. ಎಂದೋ ಕಟ್ಟಿದ ಛತ್ರ ಆ ಪಾಪವನ್ನು ಸಾವಿರಾರು ಮದುವೆಗಳಿಗೆ ಹಂಚಿ ತೀರಿಸಿದೆ. ಪಾಶ್ಚಾತ್ಯ ದೃಷ್ಟಾಂತವೂ ಉಂಟು: 2024ರ ಪ್ಯಾರಿಸ್ ಒಲಿಂಪಿಕ್ಸ್‌ನವರು ತಮ್ಮ ಕ್ರೀಡಾಸ್ಥಳಗಳಲ್ಲಿ ಶೇ 95ರಷ್ಟು ಮೊದಲೇ ಇದ್ದವು ಅಥವಾ ತಾತ್ಕಾಲಿಕವಾದವು ಎಂದು ಹೇಳಿಕೊಂಡರು. ಜಗತ್ತಿನ ಓಟಗಾರರಿಗೆ ಹಳೆಯ ಅಂಗಳ ಸಾಕಾಯಿತು. ನಮ್ಮ ಬೀಗರಿಗೆ ಮಾತ್ರ ಸಾಲದು.

ಸೂತ್ರ 2: ದೂರವೇ ಹೊಗೆ.

ಭಾಷ್ಯ: ಇಡೀ ಶಾಸ್ತ್ರದ ಹೃದಯ ಇದು, ಆದಕಾರಣವೇ ಯಾರೂ ಓದುವುದಿಲ್ಲ. ಲೆಕ್ಕ ಕೇಳಿ. ಅತಿಥಿಗಳು 400 ಜನ, ಕಾರುಗಳು 150, ಊರಿಂದ ರೆಸಾರ್ಟಿಗೆ 60 ಕಿ.ಮೀ. ಎಂದಿಟ್ಟುಕೊಳ್ಳೋಣ. ಹೋಗಿ ಬರಲು 120 ಕಿ.ಮೀ. ಲೀಟರಿಗೆ 15 ಕಿ.ಮೀ. ಎಂದರೆ ಕಾರಿಗೆ 8 ಲೀಟರ್, ಒಟ್ಟು 1,200 ಲೀಟರ್ ಪೆಟ್ರೋಲ್. ಪೆಟ್ರೋಲ್ ಮುಯ್ಯಿಯ ಹಾಗೆ: ಲೀಟರಿನ ತೂಕ ಮುಕ್ಕಾಲು ಕೆ.ಜಿ., ಆದರೆ ಉರಿದಾಗ ಗಾಳಿಯ ಆಮ್ಲಜನಕವನ್ನು ಕೂಡಿಸಿಕೊಂಡು 2.3 ಕೆ.ಜಿ. ಇಂಗಾಲದ ಡೈಆಕ್ಸೈಡ್ ಆಗಿ ಹಿಂದಿರುಗುತ್ತದೆ. ಒಟ್ಟು ಸುಮಾರು 2,760 ಕೆ.ಜಿ. ಇಷ್ಟಾದ ಮೇಲೆ ಅತಿಥಿ ಕಾರಿನಿಂದಿಳಿದು ಎಳನೀರಿಗೆ ಬಿದಿರಿನ ಸ್ಟ್ರಾ ಇಟ್ಟುಕೊಂಡು ಭೂಮಿಯನ್ನು ಉಳಿಸುತ್ತಾನೆ.

ಶಂಕೆ: "ರೆಸಾರ್ಟಿನಲ್ಲಿ ಸೌರಶಕ್ತಿಯ ಬಿಸಿನೀರು ಇದೆಯಲ್ಲ?" ಸಮಾಧಾನ: ಇದೆ. ಆ ನೀರಲ್ಲಿ ಸ್ನಾನ ಮಾಡುವುದರಿಂದ ಮೈ ಶುದ್ಧವಾದೀತು, ದಾರಿಯ ಲೆಕ್ಕ ಶುದ್ಧವಾಗದು.

ಇನ್ನು ಪ್ರಾಚೀನರು ಬಲ್ಲ ದಿಬ್ಬಣದ ಬಸ್ಸು. ಅದೇ 400 ಜನ, ತಲಾ 50ರಂತೆ 8 ಬಸ್ಸು. ಲೀಟರ್ ಡೀಸೆಲಿಗೆ 5 ಕಿ.ಮೀ. ಎಂದರೂ 192 ಲೀಟರ್. ಲೀಟರಿಗೆ ಸುಮಾರು 2.7 ಕೆ.ಜಿ.ಯಂತೆ 520 ಕೆ.ಜಿ.ಯೊಳಗೆ ಮುಗಿಯಿತು. ಐದನೇ ಒಂದು ಭಾಗಕ್ಕಿಂತ ಕಡಿಮೆ. ಜೊತೆಗೆ ಅಂತ್ಯಾಕ್ಷರಿ, ಕಿಟಕಿ ಸೀಟಿಗೆ ಜಗಳ, ದಾರಿಯಲ್ಲಿ ವಾಂತಿ ಮಾಡುವ ಮಗು ಇವೆಲ್ಲ ಉಚಿತ.

ಎಲ್ಲಕ್ಕಿಂತ ಉತ್ತಮ, ಮೆಟ್ರೋ ನಿಲ್ದಾಣದ ಮಗ್ಗುಲಿನ ಛತ್ರ. ಬೆಂಗಳೂರಿನಲ್ಲಿ 2011ರಿಂದ ಮೆಟ್ರೋ ಓಡುತ್ತಿದೆ. ಅದರ ಒಂದು ದಾರಿಗೆ ಸರ್ಕಾರವೇ 'ಹಸಿರು ಮಾರ್ಗ' ಎಂದು ಹೆಸರಿಟ್ಟಿದೆ. ಇದಕ್ಕಿಂತ ಸ್ಪಷ್ಟವಾದ ಶ್ರುತಿಪ್ರಮಾಣ ಬೇರೇನು ಬೇಕು? "ರೇಷ್ಮೆ ಸೀರೆ ಉಟ್ಟು ಮೆಟ್ರೋದಲ್ಲಿ ಹೋಗೋದು ಹೇಗ್ರೀ?" ಎಂದು ಅತ್ತಿಗೆಯವರು ಕೇಳಿದರೆ, ಆ ಮಾರ್ಗದ ಒಂದು ತುದಿಯ ನಿಲ್ದಾಣದ ಹೆಸರೇ ರೇಷ್ಮೆ ಸಂಸ್ಥೆ ಎಂದು ವಿನಯದಿಂದ ತಿಳಿಸತಕ್ಕದ್ದು.

ಸೂತ್ರ 3: ಎಲೆಯೆಂದದ್ದೆಲ್ಲ ಎಲೆಯಲ್ಲ.

ಭಾಷ್ಯ: ಬಾಳೆ ಎಲೆ, ಮುತ್ತುಗದ ಎಲೆ, ಅಡಿಕೆ ಹಾಳೆ ಇವು ಮೂರೂ ಉಂಡ ಮೇಲೆ ಹಸುವಿಗೋ ಗೊಬ್ಬರದ ಗುಂಡಿಗೋ ಸಲ್ಲುತ್ತವೆ. ಕಲಿಯುಗದಲ್ಲಿ ನಾಲ್ಕನೆಯದೊಂದು ಹುಟ್ಟಿದೆ: ಬಾಳೆ ಎಲೆಯ ಚಿತ್ರ ಅಚ್ಚು ಮಾಡಿ, ಮೇಲೆ ಪ್ಲಾಸ್ಟಿಕ್ ಪದರ ಮೆತ್ತಿದ ಕಾಗದ. ಅದರಲ್ಲಿ ನಾರುಗಳು ಕಾಣುತ್ತವೆ, ಹಸಿರು ಕಾಣುತ್ತದೆ, ಹಸು ಮಾತ್ರ ಕಾಣುವುದಿಲ್ಲ. ಅದ್ವೈತಿಗಳು ಹಗ್ಗದಲ್ಲಿ ಹಾವು ಕಂಡು ಬೆಚ್ಚಿದರು. ನಾವು ಪ್ಲಾಸ್ಟಿಕ್ಕಿನಲ್ಲಿ ಎಲೆ ಕಂಡು ಉಂಡೆವು.

ಸ್ಮೃತಿಕಾರರ ಮಾತೂ ಇದೆ. ಕರ್ನಾಟಕ ಸರ್ಕಾರ 2016ರಲ್ಲಿ ಪ್ಲಾಸ್ಟಿಕ್ ಚೀಲ, ತಟ್ಟೆ, ಲೋಟ, ಫ್ಲೆಕ್ಸುಗಳನ್ನು ನಿಷೇಧಿಸಿತು. ಕೇಂದ್ರ ಸರ್ಕಾರ 2022ರ ಜುಲೈ 1ರಿಂದ ಪ್ಲಾಸ್ಟಿಕ್ ಚಮಚ, ಸ್ಟ್ರಾ, ಅಲಂಕಾರದ ಥರ್ಮೋಕೋಲ್, ಲಗ್ನಪತ್ರಿಕೆಯ ಮೇಲೆ ಸುತ್ತುವ ಹಾಳೆಯನ್ನೂ ಪಟ್ಟಿಗೆ ಸೇರಿಸಿತು. ವಧೂವರರ ಫೋಟೋ ಅಂಟಿಸಿದ ಅಂಗೈಯುದ್ದದ ನೀರಿನ ಬಾಟಲಿ ಆ ಪಟ್ಟಿಯಲ್ಲಿ ಇಲ್ಲ. ಅದನ್ನೇ ಮೋಕ್ಷವೆಂದು ತಿಳಿದ ಜನ ಎರಡು ಗುಟುಕು ಕುಡಿದು ನವದಂಪತಿಯನ್ನು ಮೇಜಿನ ಕೆಳಗೆ ಎಸೆಯುತ್ತಾರೆ.

ಆದ್ದರಿಂದ ಸ್ಥಳ ನೋಡಹೋದವರು ವೇದಿಕೆಯ ಅಗಲ ಕೇಳುವ ಮೊದಲು "ಸ್ಟೀಲ್ ಲೋಟ ಎಷ್ಟಿವೆ? ತೊಳೆಯಲು ಜಾಗ ಎಲ್ಲಿ?" ಎಂದು ಕೇಳತಕ್ಕದ್ದು. ಇಲ್ಲವೆಂದರೆ ನಿರಾಶೆ ಬೇಡ: ಬೆಂಗಳೂರಿನ ಅದಮ್ಯ ಚೇತನದಂಥ ಸಂಸ್ಥೆಗಳು ಸಮಾರಂಭಗಳಿಗೆ ತಟ್ಟೆ ಲೋಟಗಳನ್ನು ಕೊಟ್ಟು ವಾಪಸು ಪಡೆಯುವ 'ಬ್ಯಾಂಕ್' ನಡೆಸಿವೆ. ಸಾಲ ಪಡೆದದ್ದನ್ನು ತೊಳೆದು ಹಿಂದಿರುಗಿಸುವ ಸಂಪ್ರದಾಯವಿರುವ ಏಕೈಕ ಬ್ಯಾಂಕಿಂಗ್ ಪದ್ಧತಿ ಇದೆಂದು ಅರ್ಥಶಾಸ್ತ್ರಜ್ಞರು ಗಮನಿಸಬೇಕು.

ಸೂತ್ರ 4: ಹಿತ್ತಲು ನೋಡಿ ಅಡ್ವಾನ್ಸ್ ಕೊಡು.

ಭಾಷ್ಯ: ಛತ್ರದ ಮುಂಭಾಗ ಮಾಯೆ, ಹಿಂಭಾಗ ಸತ್ಯ. ಮ್ಯಾನೇಜರು ಸದಾ ಮುಂಬಾಗಿಲಿನ ತೂಗುದೀಪ ತೋರಿಸುತ್ತಾರೆ. ಮುಮುಕ್ಷುವಾದವನು ಪಾತ್ರೆ ತೊಳೆಯುವ ಕಡೆಗೆ ನಡೆಯಬೇಕು. ಹಸಿ ಕಸಕ್ಕೊಂದು ಒಣ ಕಸಕ್ಕೊಂದು ಡಬ್ಬವಿದೆಯೇ? ತೊಳೆದ ನೀರು ಎಲ್ಲಿಗೆ ಹೋಗುತ್ತದೆ? ಉಳಿದ ಅನ್ನವನ್ನು ಒಯ್ಯುವವರ ಫೋನ್ ನಂಬರು ಗೋಡೆಯ ಮೇಲಿದೆಯೇ? ಹಗಲು ಕಿಟಕಿ ತೆರೆದರೆ ಬೆಳಕು ಬರುತ್ತದೆಯೇ, ಅಥವಾ ಮಧ್ಯಾಹ್ನ ಹನ್ನೆರಡಕ್ಕೂ ಮುನ್ನೂರು ದೀಪ ಉರಿಸಿ, ಅವುಗಳ ಶಾಖಕ್ಕೆ ಎ.ಸಿ. ಹಾಕಬೇಕೇ?

2016ರ ಘನತ್ಯಾಜ್ಯ ನಿಯಮಗಳು ಪರವಾನಗಿ ಇಲ್ಲದ ಜಾಗದಲ್ಲಿ ನೂರಕ್ಕಿಂತ ಹೆಚ್ಚು ಜನ ಸೇರಿಸುವವರು ಮೂರು ಕೆಲಸದ ದಿನ ಮುಂಚಿತವಾಗಿ ಸ್ಥಳೀಯ ಸಂಸ್ಥೆಗೆ ತಿಳಿಸಿ, ಕಸ ಬೇರ್ಪಡಿಸಿ ಒಪ್ಪಿಸಬೇಕೆಂದು ವಿಧಿಸಿದವು. ಬಯಲುವಾದಿಗಳು, ಅಂದರೆ ಮೈದಾನದಲ್ಲಿ ಶಾಮಿಯಾನ ಹಾಕಿಸುವವರು, ಈ ವಿಧಿಯನ್ನು 'ಅರ್ಥವಾದ'ವೆಂದು ಬದಿಗೊತ್ತುತ್ತಾರೆ. ಮಾರನೆಯ ದಿನ ಮೈದಾನ ಅದಕ್ಕೆ ಉತ್ತರ ಬರೆದಿರುತ್ತದೆ.

ಇಲ್ಲೇ ಐ.ಎಸ್.ಓ. 20121 ಎಂಬ ಆಗಮವನ್ನೂ ಸ್ಮರಿಸಬೇಕು. ಸಮಾರಂಭಗಳ ಸುಸ್ಥಿರತೆಗೆಂದೇ 2012ರಲ್ಲಿ, ಲಂಡನ್ ಒಲಿಂಪಿಕ್ಸ್ ವರ್ಷ ಪ್ರಕಟವಾದದ್ದು. ಇಂಥ ಸ್ಥಳ ಹಸಿರು ಎಂಬ ವರ ಅದರಲ್ಲಿಲ್ಲ. ನಿನ್ನಿಂದಾಗುವ ಹಾನಿಯನ್ನು ಗುರುತಿಸು, ಗುರಿಯಿಡು, ಅಳೆ, ತಿದ್ದಿಕೊ ಎಂಬ ವ್ರತನಿಯಮ ಮಾತ್ರ ಇದೆ. ಅಳೆಯುವುದು ಬೇಡ, ಪ್ರಮಾಣಪತ್ರಕ್ಕೆ ಚೌಕಟ್ಟು ಹಾಕಿಸಿದರೆ ಸಾಕು ಎಂಬುದು ನಮ್ಮವರ ವ್ಯಾಖ್ಯಾನ.

ಸೂತ್ರ 5: ಹತ್ತರ ಮೇಲೆ ಮೌನ.

ಭಾಷ್ಯ: 2000ದ ಶಬ್ದಮಾಲಿನ್ಯ ನಿಯಮಗಳಂತೆ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಕೂಡದು. ಡಿ.ಜೆ.ಗೆ ಈ ಸೂತ್ರ ಕೇಳಿಸಲಿಲ್ಲವಾದ್ದರಿಂದ ಭಾಷ್ಯ ಇಲ್ಲಿಗೆ ನಿಲ್ಲುತ್ತದೆ.

ಸೂತ್ರ 6: ಪಟ್ಟಿಯೇ ಮಂಟಪ.

ಭಾಷ್ಯ: ಎಷ್ಟು ಜನರನ್ನು ಕರೆಯುತ್ತೀರೋ ಅಷ್ಟು ದೊಡ್ಡ ಛತ್ರ, ಅಷ್ಟು ಕಾರು, ಅಷ್ಟು ಎಲೆ. ಅಂದಮೇಲೆ ಸ್ಥಳ ನಿರ್ಣಯವಾಗುವುದು ಛತ್ರದ ಆಫೀಸಿನಲ್ಲಲ್ಲ, ಮನೆಯ ಊಟದ ಮೇಜಿನ ಮೇಲೆ, ಹೆಸರಿನ ಪಟ್ಟಿ ಬರೆಯುವಾಗ. ಒಂದು ದಶಕಕ್ಕೂ ಹಿಂದೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರು ನಗರದ ಕಲ್ಯಾಣಮಂಟಪಗಳನ್ನು ಸಮೀಕ್ಷಿಸಿ ವರ್ಷಕ್ಕೆ 943 ಟನ್ ಒಳ್ಳೆಯ ಊಟ ವ್ಯರ್ಥವಾಗುತ್ತಿದೆ ಎಂದು ಅಂದಾಜು ಮಾಡಿದ್ದರು. ಆ ಊಟವನ್ನು ಚೆಲ್ಲಿದ್ದು ಕಟ್ಟಡವಲ್ಲ.

ಪೂರ್ವಪಕ್ಷ: "ಪಟ್ಟಿ ಚಿಕ್ಕದಾದರೆ ಮರ್ಯಾದೆ ಏನಾಗಬೇಕು?" ಸಿದ್ಧಾಂತ: ಆಡಂಬರವಿಲ್ಲದ ಮಂತ್ರಮಾಂಗಲ್ಯವನ್ನು ರೂಪಿಸಿದ ಕುವೆಂಪು 1966ರಲ್ಲಿ ಮಗ ಪೂರ್ಣಚಂದ್ರ ತೇಜಸ್ವಿಯವರ ಮದುವೆಯನ್ನು ಹಾಗೆಯೇ ನೆರವೇರಿಸಿದರು. ಅದರಿಂದ ಅವರ ಮರ್ಯಾದೆ ಕುಂದಿದ ದಾಖಲೆ ಕನ್ನಡ ಸಾಹಿತ್ಯ ಚರಿತ್ರೆಯಲ್ಲಿ ಸಿಗುವುದಿಲ್ಲ. ಆದರೆ ನಮ್ಮ ರೆಸಾರ್ಟ್‌ವಾದಿಗಳು ಆ ದೃಷ್ಟಾಂತವನ್ನು ಒಪ್ಪರು: ಅಲ್ಲಿ ಡ್ರೋನ್ ಹಾರಿರಲಿಲ್ಲವಾದ್ದರಿಂದ ಮದುವೆ ನಡೆದದ್ದಕ್ಕೆ ಸಾಕ್ಷಿ ಸಾಲದಂತೆ.

ಈ ಸೂತ್ರದ ಮೇಲೆ ವಿಸ್ತಾರವಾಗಿ ಬರೆಯುವ ಉದ್ದೇಶ ಭಾಷ್ಯಕಾರನಿಗಿತ್ತು. ಅಷ್ಟರಲ್ಲಿ ಅವನ ಸೋದರಮಾವ "ಏನಪ್ಪಾ, ಪಟ್ಟಿ ಕಡಿಮೆ ಮಾಡ್ತೀಯಂತೆ, ನಮ್ಮ ಮನೆಯಿಂದ ಹದಿನಾಲ್ಕೇ ಜನ ಬರೋದು" ಎಂದು ಫೋನ್ ಮಾಡಿದ್ದರಿಂದ ಗ್ರಂಥ ಇಲ್ಲಿಗೆ ಖಂಡಿತವಾಗಿದೆ.

ಫಲಶ್ರುತಿ

ಇದನ್ನು ಶ್ರದ್ಧೆಯಿಂದ ಓದಿದವರಿಗೆ ಹತ್ತಿರದ ಛತ್ರ ಸಿಗುವುದು, ಅರ್ಧ ಓದಿದವರಿಗೆ ದಿಬ್ಬಣದ ಬಸ್ಸು ಸಿಗುವುದು. ಓದದೆ ರೆಸಾರ್ಟ್ ಗೊತ್ತುಮಾಡಿದವರಿಗೆ ಟೋಲ್ ಗೇಟಿನಲ್ಲಿ ಮುಹೂರ್ತ ಮೀರುವುದು. ಈಗಾಗಲೇ ಅಡ್ವಾನ್ಸ್ ಕೊಟ್ಟವರಿಗೆ ಜ್ಞಾನ ಮಾತ್ರ ಪ್ರಾಪ್ತಿ. ಅಡ್ವಾನ್ಸ್ ವಾಪಸು ಬರುವುದಿಲ್ಲ.