ಗಿಡಕ್ಕೆ ಅಳಿಯನ ಉಪಚಾರ

ಮಿನ್ನೆಸೋಟದ ಜನವರಿ ಎಂದರೆ ಹೊರಗೆ ಸೊನ್ನೆಗಿಂತ 20 ಡಿಗ್ರಿ ಕೆಳಗೆ, ಒಳಗೆ ಹೀಟರಿನ ಒಣಗಾಳಿ. ತುಟಿ ಒಡೆಯುತ್ತದೆ, ಹಿಮ್ಮಡಿ ಬಿರಿಯುತ್ತದೆ. ಹಾಗಂತ ನಮ್ಮ ಮನೆಗೆ ಹ್ಯೂಮಿಡಿಫೈಯರ್ ಬಂದದ್ದು ನನ್ನ ಹಿಮ್ಮಡಿಗಲ್ಲ, ಹೆಂಡತಿಯ ಪ್ರೇಯರ್ ಪ್ಲಾಂಟಿಗೆ.

ಬ್ರೆಜಿಲಿನ ಕಾಡಿನಲ್ಲಿ ದೊಡ್ಡ ಮರಗಳ ನೆರಳಿಗೆ ಬೆಳೆಯುವ ಮರಾಂಟ ಅದು. ಹೊಟ್ಟೆ ಕೆಟ್ಟಾಗ ನಾವು ಕುಡಿದ ಆರಾರೂಟ್ ಗಂಜಿಯ ಗಿಡವೂ ಇದರ ದಾಯಾದಿಯೇ. ಆ ಬಡಪಾಯಿ ಹಿತ್ತಲಲ್ಲೇ ಉಳಿಯಿತು. ಇದು ಮಾತ್ರ ಹಾಲ್‌ನಲ್ಲಿ ಹೊಸ ಅಳಿಯನಂತೆ ಕೂತಿದೆ. ನೇರ ಬಿಸಿಲು ತಾಗಿದರೆ ಬಣ್ಣ ಮಾಸುತ್ತದೆ. ಮಣ್ಣು ಒಣಗಬಾರದು, ಬೇರಿನಲ್ಲಿ ನೀರೂ ನಿಲ್ಲಬಾರದು. ನಲ್ಲಿ ನೀರಿನ ಫ್ಲೋರೈಡ್, ಲವಣ ಆಗಿಬರದೆ ಎಲೆಯಂಚು ಕಂದುತ್ತದೆಂದು ಅದಕ್ಕೆ ಡಿಸ್ಟಿಲ್ಡ್ ವಾಟರ್. ನಾವೆಲ್ಲ ಕುಡಿಯುವುದು ನಲ್ಲಿ ನೀರನ್ನೇ.

ತೀರ್ಥಹಳ್ಳಿಯಿಂದ ಅತ್ತೆ ಬಂದರು. ಮಳೆಗಾಲದಲ್ಲಿ ಗೋಡೆಯ ಮೇಲೂ ಗಿಡ ಹುಟ್ಟುವ ಊರಿನವರು. "ನೀರು ಹಾಕೋಕೂ ಪುಸ್ತಕ ನೋಡ್ಬೇಕೇನೆ?" ಎಂದು ಮಗಳನ್ನು ಕೇಳಿದರು. ಸಂಜೆ ಅವರು ದೀಪ ಹಚ್ಚುವ ಹೊತ್ತಿಗೆ ಎಲೆಗಳು ಒಂದೊಂದಾಗಿ ನೆಟ್ಟಗೆದ್ದವು. ಮೇಲ್ಮೈಯ ಕೆಂಪು ನರಗಳು ಮರೆಯಾಗಿ ಕೆನ್ನೇರಳೆ ಬೆನ್ನು ಕಂಡಿತು. ತೊಟ್ಟಿನ ತುದಿಯ ಗಂಟಿನಲ್ಲಿ ಜೀವಕೋಶಗಳು ನೀರು ತುಂಬಿ ಉಬ್ಬುವುದರಿಂದ, ನೀರಿಳಿದು ಕುಗ್ಗುವುದರಿಂದ ಎಲೆ ಏಳುತ್ತದೆ, ಇಳಿಯುತ್ತದೆ ಎಂದು ಹೈಸ್ಕೂಲಿನ ಮೊಮ್ಮಗಳು ವಿವರಿಸಿದಳು. "ಅದೇನೋ ಗೊತ್ತಿಲ್ಲ. ಗಿಡ ಕೈ ಮುಗೀತಿದೆ, ನೀನು ಫೋನ್ ಕೆಳಗಿಡು" ಎಂದರು ಅತ್ತೆ.

ಒಂದು ದಿನ ಎಲೆಯಂಚು ಕಂದಿತು. ಡಿಸ್ಟಿಲ್ಡ್ ವಾಟರ್ ಹಾಕಿಯೂ! ಬಂದವರೆಲ್ಲ ಹೊಗಳಿದರೆ ದೃಷ್ಟಿಯಾಗದೆ ಇರುತ್ತದೆಯೆ? ಅತ್ತೆ ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಕಾದ ಬಾಣಲೆಗೆ ಹಾಕಿದರು. ಸ್ಮೋಕ್ ಅಲಾರ್ಮ್ ಬಾಯಿ ಬಡಿದುಕೊಂಡಿತು. ನಾನು ಕೆಮ್ಮುತ್ತಾ ಕಿಟಕಿ ತೆರೆದೆ. "ಅಯ್ಯೋ, ಥಂಡಿ ಹೊಡೀತು!" ಎಂದು ಹೆಂಡತಿ ಶಾಲು ಹಿಡಿದು ಓಡಿಬಂದಳು. ನನ್ನನ್ನು ದಾಟಿ ಹೋಗಿ, ಗಿಡಕ್ಕೆ ಹೊದಿಸಿ ಬಚ್ಚಲಮನೆಗೆ ಎತ್ತಿಕೊಂಡು ಹೋದಳು.

ಗಿಡಕ್ಕೆ ಅಲ್ಲಿನ ಹಬೆ ಒಗ್ಗಿತು. ಹೊಸ ಎಲೆಯೊಂದು ಸುರುಳಿ ಬಿಚ್ಚಿದೆ. ಮನೆಯಲ್ಲಿ ಎಲ್ಲ ಶ್ರೇಯಸ್ಸೂ ಮೆಣಸಿನಕಾಯಿಗೇ ಸಂದಿದೆ.

ಬರುವ ಡಿಸೆಂಬರಿನಲ್ಲಿ ನಾವು ಊರಿಗೆ ಹೊರಟಿದ್ದೇವೆ. ಒಂದು ತಿಂಗಳು ಇದನ್ನು ನೋಡಿಕೊಳ್ಳಬಲ್ಲ ಕನ್ನಡಿಗರು ಹತ್ತಿರದಲ್ಲಿದ್ದರೆ ದಯವಿಟ್ಟು ತಿಳಿಸಿ. ನಿಮ್ಮ ಮನೆಯಲ್ಲಿ ಬೆಕ್ಕಿದ್ದರೂ ಚಿಂತೆಯಿಲ್ಲ, ಈ ಎಲೆ ಬೆಕ್ಕಿಗೆ ವಿಷವಲ್ಲ. ಬಚ್ಚಲಮನೆಯೊಂದನ್ನು ಬಿಟ್ಟುಕೊಟ್ಟರೆ ಸಾಕು.