‘ಮೀ’ಮಾಂಸೆ

ಕರ್ತೃವಿಗೆ ಐ, ಕರ್ಮಕ್ಕೆ ಮೀ. ಸೂತ್ರ ಇಷ್ಟೇ. ವ್ಯಾಖ್ಯಾನವಿಲ್ಲದೆ ಸೂತ್ರ ಬದುಕೀತು, ವ್ಯಾಖ್ಯಾನಕಾರ ಬದುಕಲಾರ. ಅದಕ್ಕಾಗಿ ಈ ಗ್ರಂಥ.

ಪೂರ್ವಪಕ್ಷ: ಇಂಗ್ಲಿಷಿಗೆಲ್ಲಿಯ ವಿಭಕ್ತಿ? ‘ರಾಮನನ್ನು ನಾಯಿ ಕಚ್ಚಿತು’ ಎನ್ನಿ, ‘ನಾಯಿ ರಾಮನನ್ನು ಕಚ್ಚಿತು’ ಎನ್ನಿ, ನಮ್ಮಲ್ಲಿ ಸೂಜಿ ಚುಚ್ಚಿಸಿಕೊಳ್ಳಬೇಕಾದವನು ರಾಮನೇ. ಇಂಗ್ಲಿಷಿನಲ್ಲಿ ಪದಗಳ ಜಾಗ ಅದಲುಬದಲಾದರೆ ಸೂಜಿ ನಾಯಿಗೆ.

ಸಮಾಧಾನ: ಸಾವಿರ ವರ್ಷದ ಹಿಂದೆ ಅವರ ನಾಮಪದಗಳಿಗೂ ವಿಭಕ್ತಿಯ ಬಾಲವಿತ್ತು. ಷಷ್ಠಿಯ ಒಂದು ‘ಎಸ್’ ಬಿಟ್ಟು ಉಳಿದದ್ದೆಲ್ಲ ಉದುರಿತು. ಆಸ್ತಿ ಕರಗಿದ ಮನೆಯಲ್ಲಿ ಅಜ್ಜನ ಪೇಟ ಉಳಿದ ಹಾಗೆ ಹೀ-ಹಿಮ್, ವೀ-ಅಸ್, ದೇ-ದೆಮ್‌ಗಳು ಉಳಿದವು. ದೇ-ದೆಮ್ ಅಂತೂ ಅಜ್ಜನದೂ ಅಲ್ಲ, ವೈಕಿಂಗರ ನುಡಿಯಿಂದ ದತ್ತು ಬಂದದ್ದು.

ಇನ್ನು ಯೂ-ಅಧಿಕರಣ. ‘ಯೂ’ ಎರಡು ಕಡೆಯೂ ‘ಯೂ’ ಆಗಿಯೇ ಇರುವುದೇಕೆ? ಮೊದಲು ಕರ್ತೃಸ್ಥಾನದ ಒಡೆಯ ‘ಯೀ’. ‘ಯೂ’ ಕರ್ಮಸ್ಥಾನದಲ್ಲಿ ಗೇಣಿಗಿದ್ದವನು. 16ನೇ ಶತಮಾನದಲ್ಲಿ ಗೇಣಿದಾರ ಒಡೆಯನ ಗದ್ದೆಗೂ ಇಳಿದ, ಮತ್ತೆ ಮೇಲೇಳಲಿಲ್ಲ. ನಮ್ಮವರು ಇದಕ್ಕೆ 1974ರ ಭೂಸುಧಾರಣೆಯ ತನಕ ಕಾದರು, ಡಿಕ್ಲರೇಶನ್ನನ್ನೂ ಹಾಕಿದರು. ‘ಯೂ’ ಯಾವ ನಮೂನೆ ತುಂಬಿತೆಂದು ಯಾವ ಕಡತವೂ ಹೇಳುವುದಿಲ್ಲ.

ಮೀ ಅಷ್ಟು ಪುಣ್ಯವಂತನಲ್ಲ. ಅಲ್ಲಿನ ಮಗು ‘ಮೀ ಅಂಡ್ ಜಾನ್’ ಎಂದು ಬಾಯಿ ತೆರೆದಾಗಲೆಲ್ಲ ದೊಡ್ಡವರು ‘ಜಾನ್ ಅಂಡ್ ಐ’ ಎಂದು ತಿದ್ದುತ್ತಾರೆ. ಮೀ ಎಂದರೆ ಮೈಲಿಗೆ ಎಂದು ಮಗು ತಿಳಿಯುತ್ತದೆ. ದೊಡ್ಡದಾದ ಮೇಲೆ, ಮೀ ಇರಲೇಬೇಕಾದ ಜಾಗದಲ್ಲೂ ಮಡಿಯುಟ್ಟು ‘ಬಿಟ್ವೀನ್ ಯೂ ಅಂಡ್ ಐ’ ಎನ್ನುತ್ತದೆ. ರೋಗ ಹೊಸದಲ್ಲ. 1600ರಲ್ಲಿ ಅಚ್ಚಾದ ಶೇಕ್ಸ್‌ಪಿಯರನ ವೆನಿಸ್ ನಾಟಕದಲ್ಲಿ ಆಂಟೋನಿಯೊ ಗೆಳೆಯನಿಗೆ ಬರೆದ ಕಾಗದದಲ್ಲೂ ಇದೇ ಪ್ರಯೋಗ. ಒಂದು ಪೌಂಡ್ ಮಾಂಸ ಕೊಯ್ಯಿಸಿಕೊಳ್ಳಲು ಕೂತವನ ವಿಭಕ್ತಿಯನ್ನು ತಿದ್ದುವುದು ನಿರ್ದಯತೆ. ಕೊನೆಗೆ ಅವನ ಮೀ ಹೋಯಿತು, ಮಾಂಸ ಉಳಿಯಿತು.

‘ಇಟ್ ಈಸ್ ಮೀ’ ಎನ್ನಬಹುದೆ? ಕೂಡದು, ಆ ಕ್ರಿಯಾಪದದ ಬಳಿಕ ಪ್ರಥಮೆಯೇ ಬರಬೇಕು ಎಂಬುದು 1762ರ ತನ್ನ ವ್ಯಾಕರಣದಲ್ಲಿ ರಾಬರ್ಟ್ ಲೌತ್ ಕೊಟ್ಟ ತೀರ್ಪು. ಮುಂದೆ ಆತ ಬಿಷಪ್ಪನಾದ. ರಾತ್ರಿ ಹನ್ನೊಂದಕ್ಕೆ ಮಳೆಯಲ್ಲಿ ನೆನೆದು ಬಾಗಿಲು ತಟ್ಟುವವರು ಮಾತ್ರ ಇಂದಿಗೂ ‘ಮೀ’ ಎಂದೇ ಕೂಗುತ್ತಾರೆ, ಬಾಗಿಲೂ ತೆರೆಯುತ್ತದೆ.

ಕಡೆಯದಾಗಿ ಹಸಿವು. ಇಂಗ್ಲಿಷಿನಲ್ಲಿ ಹಸಿಯುವವನು ಐ. ಹಸಿವಿಗೂ ಅವನೇ ಕರ್ತೃ. ನಮಗಾದರೆ ಹಸಿವು ತಾನಾಗಿ ಬರುತ್ತದೆ, ನಾವು ‘ನನಗೆ’ ಎಂದು ಚತುರ್ಥಿಯಲ್ಲಿ ಕೈಚೆಲ್ಲಿ ಕೂರುತ್ತೇವೆ. ಅವರೂ ಒಂದು ಕಾಲಕ್ಕೆ ‘ಮೀಥಿಂಕ್ಸ್’ ಎನ್ನುತ್ತಿದ್ದರು. ಅಕ್ಷರಶಃ ನಮ್ಮ ‘ನನಗನ್ನಿಸುತ್ತದೆ’. ಆ ವಿನಯ ಎಲ್ಲಿ ಹೋಯಿತೆಂದು ಇಲ್ಲಿಯೇ ಶೋಧಿಸಬಹುದಿತ್ತು. ಆದರೆ ಗ್ರಂಥಕರ್ತನಿಗೂ ಈಗ ಚತುರ್ಥಿಯಲ್ಲಿಯೇ ಹಸಿವಾಗಿದೆ, ಒಳಗಿನಿಂದ ಒಗ್ಗರಣೆಯ ವಾಸನೆ ಬರುತ್ತಿದೆ. ಹೂ-ಹೂಮ್ ಪ್ರಕರಣವನ್ನು ಎರಡನೆಯ ಸಂಪುಟಕ್ಕೆ ಬಿಡಲಾಗಿದೆ.